ಈ ಸಲ ಎಳ್ಳು ಯಾರ್ಯಾರಿಗೆ?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಬೆಂಗಳೂರು, ಹಾಸನ, ಬೀದರ್‌ನಂಥ ಊರುಗಳ ಉಷ್ಣಾಂಶ 15ರ ಆಸುಪಾಸಿಗೆ ಇಳಿಯುವುದರಿಂದ ಸೀಸೆಯನ್ನು ಬೋರಲು ಹಾಕಿದರೂ ಒಂದು ತೊಟ್ಟು ಬೀಳುವುದಿಲ್ಲ. ಮಕ್ಕಳಿಗೆ ರಜೆ, ಊರಿಂದ ನೆಂಟರು ಬಂದಿದ್ದಾರೆ, ನಾಲ್ಕಾರು ತಲೆಗೆ ಎಣ್ಣೆ ಹಚ್ಚಬೇಕು. ಆತುರದಲ್ಲಿ ಯಾರೋ ಪ್ಲಾಸ್ಟಿಕ್ ಸೀಸೆಯನ್ನೇ ಉರಿಯುವ ಒಲೆಯ ಪಕ್ಕದಲ್ಲಿಡುತ್ತಾರೆ. ತಳ ಕರಗಿ ಎಣ್ಣೆ ಬರ್ನರ್ ಕಡೆಗೆ ಹರಿಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಸೀಸೆಯನ್ನು ಐದು ನಿಮಿಷ ನಿಲ್ಲಿಸಿದ್ದರೆ ಸಾಕಿತ್ತು.

ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿವರೆಗಿನ ದಿನಗಳಲ್ಲಿ ಮನೆಗಳಲ್ಲಿ ಆಗುವ ಅವಘಡಗಳು ಹೆಚ್ಚಾಗಿ ಈ ಜಾತಿಯವು. ಚಳಿ, ಆತುರ, ಮನೆ ತುಂಬ ಜನ, ಬಿಸಿನೀರು, ಪ್ರಯಾಣ ಎಲ್ಲ ಒಟ್ಟಿಗೆ ಸೇರಿದಾಗ ಸಣ್ಣ ತಪ್ಪೊಂದು ದೊಡ್ಡದಾಗುತ್ತದೆ. ಆಗ ಓಡಿ ಬರುವವರು ಪಕ್ಕದ ಮನೆಯವರು, ಆಟೋದವರು, 108ರ ಸಿಬ್ಬಂದಿ, ರಾತ್ರಿ ಪಾಳಿಯ ನರ್ಸ್. ಗಾಬರಿ ಇಳಿದ ಮೇಲೆ ಅವರ ಹೆಸರು ಕೇಳಲಿಲ್ಲವಲ್ಲ ಎಂದು ನೆನಪಾಗುತ್ತದೆ. ಈ ಕಾಲದ ಕೊನೆಗೆ ಎಳ್ಳು ಬೀರುವ ಹಬ್ಬ ಬರುತ್ತದೆ. ಎಳ್ಳು-ಬೆಲ್ಲದ ಪೊಟ್ಟಣ ಯಾರ್ಯಾರಿಗೆ ಎಂದು ಪಟ್ಟಿ ಮಾಡುವಾಗ ನೆಂಟರು, ಸ್ನೇಹಿತರ ಜೊತೆಗೆ ಈ ಹೆಸರುಗಳೂ ಇರಬೇಕು ಎನ್ನುವುದು ನನ್ನ ಬಲವಾದ ನಂಬಿಕೆ. ಹಾಗಾಗಿ ಈ ಲೇಖನದಲ್ಲಿ ಅವಘಡ ತಪ್ಪಿಸುವ ದಾರಿಯನ್ನೂ ಋಣ ತೀರಿಸುವ ದಾರಿಯನ್ನೂ ಒಟ್ಟಿಗೇ ಹೇಳುತ್ತಿದ್ದೇನೆ.

ಬಚ್ಚಲುಮನೆಯ ಬಾಗಿಲು

ಚಳಿಗಾಲದಲ್ಲಿ ಮನೆಯೊಳಗೆ ನಾನು ಅತಿ ಹೆಚ್ಚು ಹೆದರುವುದು ಗ್ಯಾಸ್ ಗೀಸರ್‌ಗೆ. ಚಿಕ್ಕ ಬಚ್ಚಲು, ಚಳಿಗೆಂದು ಮುಚ್ಚಿದ ಕಿಟಕಿ, ಒಳಗೇ ಗೋಡೆಗೆ ನೇತುಹಾಕಿದ ಗೀಸರ್, ಒಬ್ಬರಾದ ಮೇಲೊಬ್ಬರ ಸ್ನಾನ. ಅನಿಲ ಉರಿಯಲು ಆಮ್ಲಜನಕ ಬೇಕು. ಗಾಳಿಯಾಡದ ಜಾಗದಲ್ಲಿ ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರ, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು, ಆಮೇಲೆ ಪ್ರಜ್ಞೆ ತಪ್ಪುವುದು. ಚಿಲಕ ತೆಗೆಯಬೇಕೆಂದು ಹೊಳೆಯುವ ಹೊತ್ತಿಗೆ ಕೈ ಏಳುವುದಿಲ್ಲ. ಮೊದಲು ಸ್ನಾನ ಮಾಡಿದವರಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ಮನೆಯವರಿಗೆ ಅನುಮಾನವೂ ಬರುವುದಿಲ್ಲ. ಅನಿಲ ಸೇರುತ್ತಾ ಹೋಗಿ ಅಪಾಯವಾಗುವುದು ಎರಡನೆಯವರಿಗೆ, ಮೂರನೆಯವರಿಗೆ. ಮನೆ ತುಂಬ ನೆಂಟರಿರುವ ರಜೆಯಲ್ಲಿ ಅಪಾಯ ಹೆಚ್ಚುವುದು ಇದೇ ಕಾರಣಕ್ಕೆ.

ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಹಾಕಿಸುವುದೇ ಸರಿಯಾದ ಪರಿಹಾರ. ಬಾಡಿಗೆ ಮನೆಯಲ್ಲಿ ಅದಾಗುವುದು ಕಷ್ಟವೆಂದಾದರೆ ಇವತ್ತೇ ಒಂದು ಅಭ್ಯಾಸ ಮಾಡಿಕೊಳ್ಳಿ. ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಷವರ್ ಕೆಳಗೆ ನಿಂತು ಗೀಸರ್ ಉರಿಸುತ್ತಾ ಸ್ನಾನ ಮಾಡುವುದನ್ನು ಬಿಟ್ಟುಬಿಡಿ. ಉರಿ ನೀಲಿಯಾಗಿರದೆ ಹಳದಿಯಾಗಿ ಕಾಣುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ ಎಂದರ್ಥ, ರಿಪೇರಿಯಾಗುವವರೆಗೆ ಅದನ್ನು ಹಚ್ಚಬೇಡಿ. ಮಕ್ಕಳಿಗೂ ವಯಸ್ಸಾದವರಿಗೂ ಒಳಗಿಂದ ಚಿಲಕ ಹಾಕಬೇಡಿ ಎಂದು ಹೇಳಿ.

ಯಾರಾದರೂ ಒಳಗೆ ಬಿದ್ದರೆ ಬಾಗಿಲು ಒಡೆದಾದರೂ ತೆಗೆದು, ಕಿಟಕಿ ತೆರೆದು, ಅವರನ್ನು ಬಯಲಿಗೆ ಎಳೆದು ತನ್ನಿ. ನೀವೂ ಒಳಗೇ ನಿಂತು ಎಬ್ಬಿಸಲು ನೋಡಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ‘ಗ್ಯಾಸ್ ಗೀಸರ್ ಇತ್ತು’ ಎಂದು ಹೇಳಿ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನನ್ನೂ ಆಮ್ಲಜನಕದ್ದೇ ಎಂದು ಲೆಕ್ಕ ಹಾಕಿ, 98 ಎಂದೋ 99 ಎಂದೋ ತೋರಿಸಿಬಿಡಬಹುದು. ನಿಮ್ಮ ಆ ಒಂದು ಮಾತಿನಿಂದ ವೈದ್ಯರು ತಡಮಾಡದೆ ಹೆಚ್ಚಿನ ಆಮ್ಲಜನಕ ಕೊಡಲು ಶುರು ಮಾಡುತ್ತಾರೆ.

ಮಲೆನಾಡಿನ ಹೋಂಸ್ಟೇಗಳಲ್ಲಿ, ಊರಿನ ಹಳೇ ಮನೆಗಳಲ್ಲಿ ಮಲಗುವ ಕೋಣೆಗೆ ಇದ್ದಿಲ ಅಗ್ಗಿಷ್ಟಿಕೆ ತಂದಿಟ್ಟು ಬಾಗಿಲು ಹಾಕಿಕೊಳ್ಳುವುದೂ ಅಷ್ಟೇ ಅಪಾಯ. ಕೆಂಡ ಕಾಯಿಸಿಕೊಳ್ಳುವುದು ಜಗಲಿಯಲ್ಲಿ ಆಗಲಿ. ಮಲಗುವ ಮುಂಚೆ ಅದನ್ನು ಹೊರಗೇ ಬಿಟ್ಟು ಬನ್ನಿ.

ನೀರು ಕಾಯಿಸುವ ಕಾಯಿಲ್ ಬಳಸುವ ಮನೆಗಳಲ್ಲಿ ಮಾತು ಬೇರೆ. ತಾಮ್ರದ ಹಂಡೆ, ಸ್ಟೀಲ್ ಬಕೆಟ್‌ಗೆ ಕಾಯಿಲ್ ಹಾಕಬಾರದು. ನೀರು ಬಿಸಿಯಾಗಿದೆಯೇ ಎಂದು ನೋಡಲು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿರಬೇಕು. ಬರೀ ಸ್ವಿಚ್ ನಂಬಬೇಡಿ, ಹಳೇ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದುಂಟು. ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಿ. ಅದು ಕೈಗೆಟುಕದಿದ್ದರೆ ಒಣಗಿದ ಕಟ್ಟಿಗೆಯಿಂದ ದೂರ ತಳ್ಳಿ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಸೋರಿಕೆಯಾದ ಕ್ಷಣದಲ್ಲೇ ಅದು ವಿದ್ಯುತ್ ಕಡಿಯುತ್ತದೆ. ಹಬ್ಬದ ಸೀರೆಯ ಖರ್ಚಿನಲ್ಲಿ ಈ ಕೆಲಸ ಮುಗಿಯುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬಕೆಟ್‌ಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕುದಿಯುವ ನೀರು ತುಂಬಿದ ಬಕೆಟನ್ನು ತಣ್ಣೀರು ತರಲೆಂದು ಬಿಟ್ಟುಹೋದ ಅರೆನಿಮಿಷದಲ್ಲಿ ಮಗು ಅದರ ಅಂಚು ಹಿಡಿದಿರುತ್ತದೆ.

ಸಕ್ಕರೆ ಅಚ್ಚು, ಕೊಬ್ಬರಿ, ಕಾಸು

ಸಂಕ್ರಾಂತಿ ಅಡುಗೆಮನೆಯ ಕೆಲಸಗಳಲ್ಲಿ ಸಕ್ಕರೆ ಅಚ್ಚು ಹಾಕುವಷ್ಟು ಗಮನ ಬೇಡುವುದು ಇನ್ನೊಂದಿಲ್ಲ. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ದಾರ ಕಟ್ಟಿ, ಸಕ್ಕರೆ ಕುದಿಸಿ, ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪಸ್ವಲ್ಪವೇ ಮತ್ತೆ ಕುದಿಸಿ, ಪಾಕ ಬೆಳ್ಳಗಾಗುವ ಸಮಯ ನೋಡಿ ಸುರಿಯಬೇಕು. ಆ ಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು. ನೀರು ಬಿದ್ದರೆ ಹರಿದುಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಅಲ್ಲೇ ಕೂತು ಸುಡುತ್ತದೆ. ಅಚ್ಚಿಗೆ ಸುರಿಯುವ ಹೊತ್ತಲ್ಲಿ ಮಕ್ಕಳು ಆನೆ ನನಗೆ, ಗಿಳಿ ನನಗೆ ಎಂದು ಮುತ್ತಿಕೊಳ್ಳುತ್ತಾರೆ. ನೆಲದ ಮೇಲೆ ಕೂತು ಅಚ್ಚು ಹಾಕುವ ಬದಲು ಕಟ್ಟೆಯ ಮೇಲೆ ಹಾಕಿ. ಅಚ್ಚು ಬಿಚ್ಚುವ ಕೆಲಸಕ್ಕೆ ಮಾತ್ರ ಮಕ್ಕಳನ್ನು ಕರೆಯಿರಿ.

ಸುಟ್ಟರೆ ಮಾಡಬೇಕಾದ್ದು ಒಂದೇ. ನಲ್ಲಿ ತೆಗೆದು ಹರಿಯುವ ತಣ್ಣೀರಿಗೆ ಆ ಭಾಗವನ್ನು 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಏಕೆಂದರೆ ನೋವಿನಲ್ಲಿ ಎರಡು ನಿಮಿಷವೇ ಇಪ್ಪತ್ತರಂತೆ ಅನಿಸುತ್ತದೆ. ಊತ ಬರುವ ಮೊದಲು ಬಳೆ, ಉಂಗುರ ತೆಗೆಯಿರಿ. ಅಂಟಿದ ಪಾಕವನ್ನೋ ಬಟ್ಟೆಯನ್ನೋ ಕೀಳಬೇಡಿ. ಟೂತ್‌ಪೇಸ್ಟ್, ಶಾಯಿ, ದೋಸೆ ಹಿಟ್ಟು, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಮುಖ, ಕೈಬೆರಳು, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಅಥವಾ ಸುಟ್ಟ ಜಾಗ ಗಾಯಾಳುವಿನ ಅಂಗೈಗಿಂತ ದೊಡ್ಡದಾಗಿದ್ದರೆ ಆಸ್ಪತ್ರೆಗೆ ಹೋಗಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ. ನೀರು ಹಾಕಿದರೆ ಅದು ಕ್ಷಣದಲ್ಲಿ ಆವಿಯಾಗಿ 1,700 ಪಟ್ಟಿನಷ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ.

ಕೊಬ್ಬರಿ ಹೆಚ್ಚುವಾಗ ಹೆಬ್ಬೆರಳು ಕೊಯ್ದುಕೊಳ್ಳದ ಮನೆ ಅಪರೂಪ. ಕಾಫಿಪುಡಿ ಮೆತ್ತುವುದು ನಮ್ಮಲ್ಲಿ ರೂಢಿ. ಅದರ ಬದಲು ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ಗಾಯ ಬಾಯ್ಬಿಟ್ಟಿದ್ದರೆ ಹೊಲಿಗೆ ಬೇಕಾಗುತ್ತದೆ.

ಎಳ್ಳು-ಬೆಲ್ಲದ ಮಿಶ್ರಣದಲ್ಲಿರುವ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು ನಮಗೆ ಹಬ್ಬ, ಹಲ್ಲು ಪೂರಾ ಬಾರದ ಮಕ್ಕಳಿಗೆ ಗಂಡಾಂತರ. ಅರೆದು ನುಂಗಲು ದವಡೆ ಹಲ್ಲು ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಲೇಬಾರದು. ಹಾಗೆಂದು ಮಗುವನ್ನು ಹಬ್ಬದಿಂದ ದೂರ ಇಡಬೇಕಿಲ್ಲ. ಎಳ್ಳು, ಬೆಲ್ಲ ಕುಟ್ಟಿ ಮಾಡುವ ಚಿಗಳಿ ಇದೆಯಲ್ಲ, ಅದನ್ನು ಪುಡಿಪುಡಿಯಾಗಿ ಉದುರಿಸಿ ತಿನ್ನಿಸಿ. ಬಂದ ನೆಂಟರು ಪ್ರೀತಿಯಿಂದ ಮಗುವಿನ ಬಾಯಿಗೆ ಒಂದು ಚಿಟಿಕೆ ಹಾಕಲು ಬಂದರೆ ಸಂಕೋಚ ಬಿಟ್ಟು ತಡೆಯಿರಿ.

ಗಂಟಲಿಗೆ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬೆರಳು ಹಾಕಿ ತೆಗೆಯಲು ಹೋಗಬೇಡಿ. ಕೆಮ್ಮಲೂ ಆಗದೆ, ದನಿಯೂ ಹೊರಡದೆ ತುಟಿ ನೀಲಿಯಾಗುತ್ತಿದ್ದರೆ ತಕ್ಷಣ ಕೆಲಸಕ್ಕಿಳಿಯಬೇಕು. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು ಎರಡು ಬೆರಳಿನಿಂದ ಐದು ಸಲ ಒತ್ತುವುದು. ಅದಕ್ಕಿಂತ ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಪೆಟ್ಟು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ವಸ್ತು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರು ಮಾಡಬೇಕು.

ಇಲ್ಲೊಂದು ವಿಷಯ ಅನೇಕ ತಂದೆತಾಯಿಗೆ ಗೊತ್ತಿರುವುದಿಲ್ಲ. ಕೆಮ್ಮು ನಿಂತು ಮಗು ಆಟಕ್ಕೆ ಹೋದರೂ ಕಡಲೆಬೀಜದ ಚೂರು ಶ್ವಾಸನಾಳದೊಳಗೆ ಉಳಿದಿರಬಹುದು. ನಾಲ್ಕೈದು ದಿನ ಕಳೆದು ಗೊರಗೊರ ಸದ್ದು, ಬಿಡದ ಕೆಮ್ಮು, ಜ್ವರ. ಚಳಿಗಾಲವಾದ್ದರಿಂದ ಎಲ್ಲರೂ ಶೀತ ಎನ್ನುತ್ತಾರೆ. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ. ‘ಹಬ್ಬದ ದಿನ ಎಳ್ಳು ತಿನ್ನುವಾಗ ಕೆಮ್ಮಿತ್ತು’ ಎಂದು ನೀವಾಗಿಯೇ ವೈದ್ಯರಿಗೆ ಹೇಳಿದರೆ ಮಾತ್ರ ಅವರಿಗೆ ಆ ಕಡೆ ಯೋಚನೆ ಹೋಗುತ್ತದೆ.

ಸಂಕ್ರಾಂತಿ ಸಂಜೆ ಪುಟ್ಟ ಮಕ್ಕಳನ್ನು ಕೂರಿಸಿ ಎಲಚಿಹಣ್ಣು, ಕಬ್ಬಿನ ತುಂಡು, ಕಾಸು ಸೇರಿಸಿ ತಲೆ ಮೇಲೆ ಎರೆಯುವ ಪದ್ಧತಿ ಇರುವ ಮನೆಗಳಲ್ಲಿ ಎಷ್ಟು ನಾಣ್ಯ ಹಾಕಿದಿರೆಂದು ಎಣಿಸಿಟ್ಟುಕೊಳ್ಳಿ. ಮುಗಿದ ಮೇಲೆ ಅಷ್ಟೂ ಸಿಕ್ಕಿತೇ ನೋಡಿ. ಮಗು ನಾಣ್ಯ ನುಂಗಿ ಜೊಲ್ಲು ಸುರಿಸುತ್ತಿದ್ದರೆ, ನೀರೂ ನುಂಗಲಾಗದಿದ್ದರೆ ಆಸ್ಪತ್ರೆಗೆ ಓಡಬೇಕು. ಕ್ರಿಸ್‌ಮಸ್ ನಕ್ಷತ್ರ, ಎಲ್‌ಇಡಿ ದೀಪ, ಆಟಿಕೆಗಳೊಳಗಿನ ಗುಂಡಿಯಾಕಾರದ ಬ್ಯಾಟರಿ ಇನ್ನೂ ಕೆಟ್ಟದ್ದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡುತ್ತದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಮಗುವಿಗೆ ವರ್ಷ ತುಂಬಿದ್ದು ನುಂಗಲು ಆಗುತ್ತಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಅದಕ್ಕಾಗಿ ಜೇನು ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ.

ರಸ್ತೆಯ ಮೇಲೆ ಕಣ

ರಜೆಯ ಪ್ರಯಾಣದಲ್ಲಿ ಮಂಜಿನ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಮಂಜಿನಲ್ಲಿ ಹೆಡ್‌ಲೈಟ್ ಡಿಮ್‌ನಲ್ಲಿರಲಿ, ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಓಡುವ ಗಾಡಿಗೆ ಹಜಾರ್ಡ್ ದೀಪ ಹಾಕಬೇಡಿ, ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ನಮ್ಮ ರಸ್ತೆಗಳಿಗೇ ವಿಶೇಷವಾದ ಇನ್ನೆರಡು ಸಂಗತಿಗಳ ಬಗ್ಗೆ ಮಾತು ಕಡಿಮೆ.

ಮೊದಲನೆಯದು ಒಕ್ಕಣೆ. ಡಿಸೆಂಬರ್, ಜನವರಿಯಲ್ಲಿ ಕೋಲಾರ, ತುಮಕೂರು, ರಾಮನಗರ, ಮಂಡ್ಯ ಕಡೆಯ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ, ಅವರೆ ಹರಡಿರುತ್ತಾರೆ. ಗಾಡಿಗಳು ಹಾಯ್ದು ಕಾಳು ಬಿಡಲಿ ಎಂದು. ಹುರುಳಿ ಕಾಳಿನ ಮೇಲೆ ಬ್ರೇಕ್ ಹಾಕಿದ ಬೈಕು ನಿಲ್ಲುವುದಿಲ್ಲ, ಜಾರಿ ಮಲಗುತ್ತದೆ. ಕಾರುಗಳದ್ದು ಇನ್ನೊಂದು ಪಾಡು. ಉದ್ದನೆಯ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್‌ನ ಬಿಸಿಗೆ ಒಣಹುಲ್ಲು ಹೊತ್ತಿಕೊಂಡು ಇಡೀ ಗಾಡಿ ಸುಟ್ಟುಹೋದ ಘಟನೆಗಳಿವೆ. ಹರಡಿದ ಪೈರು ಕಂಡೊಡನೆ ವೇಗ ತಗ್ಗಿಸಿ, ಸಾಧ್ಯವಾದರೆ ಬದಿಯಿಂದ ಹೋಗಿ, ಬೈಕಿನವರು ಇಳಿದು ತಳ್ಳಿಕೊಂಡು ಹೋದರೂ ನಷ್ಟವಿಲ್ಲ. ದಾಟಿದ ಮೇಲೆ ಕಾರು ನಿಲ್ಲಿಸಿ ಬಗ್ಗಿ ನೋಡಿ, ಹುಲ್ಲು ಸಿಕ್ಕಿದ್ದರೆ ಕೋಲಿನಿಂದ ಎಳೆದು ಹಾಕಿ. ಸುಟ್ಟ ವಾಸನೆ ಬಂದರೆ ಎಲ್ಲರೂ ಇಳಿದು ದೂರ ಹೋಗಬೇಕು, ಬಾನೆಟ್ ತೆರೆಯಬಾರದು.

ರೈತರನ್ನು ಬೈದುಕೊಂಡು ಮುಂದೆ ಹೋಗುವುದು ಸುಲಭ. ಊರೂರಿನಲ್ಲಿದ್ದ ಕಣಗಳು ಸೈಟುಗಳಾಗಿವೆ, ಕಣ ಮಾಡಿ ಗುಂಡು ಉರುಳಿಸಲು ಎತ್ತಿಲ್ಲ, ಯಂತ್ರದ ಬಾಡಿಗೆ ಸಣ್ಣ ಹಿಡುವಳಿಗೆ ಗಿಟ್ಟುವುದಿಲ್ಲ. ರಸ್ತೆ ಒಕ್ಕಣೆಗೆ ದಂಡ ಹಾಕುವ ಜೊತೆಗೆ ಪಂಚಾಯಿತಿಗಳು ಸಾಮೂಹಿಕ ಕಣ ಕಟ್ಟಿಕೊಡಬೇಕು. ನಮ್ಮ ತಟ್ಟೆಯ ರಾಗಿ ಮುದ್ದೆಗೂ ಅವರೆಕಾಳು ಸಾರಿಗೂ ನಾವು ಸಲ್ಲಿಸಬೇಕಾದ ಋಣ ಅಲ್ಲಿಂದ ಶುರುವಾಗಬೇಕು.

ಎರಡನೆಯದು ಕಬ್ಬಿನ ಗಾಡಿ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಒಂದಲ್ಲ ಎರಡು ಟ್ರಾಲಿ. ಹೊರಚಾಚಿದ ಕಬ್ಬು ಹಿಂದಿನ ದೀಪವನ್ನು ಮುಚ್ಚಿರುತ್ತದೆ. ಕತ್ತಲಲ್ಲಿ ಅದು ಕಾಣುವುದು ತೀರಾ ಹತ್ತಿರ ಹೋದ ಮೇಲೆ. ಆ ಭಾಗದಲ್ಲಿ ರಾತ್ರಿ ಪ್ರಯಾಣ ಬಿಡಿ, ಇಲ್ಲವೇ ನಿಧಾನಕ್ಕೆ ಹೋಗಿ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂಮಿತಾಯಿಗೆ ಕೃತಜ್ಞತೆ ಹೇಳುವ ಹಬ್ಬವಿದೆ. ಅಷ್ಟು ಚೆಂದದ ಹಬ್ಬಕ್ಕೆ ಹೆಂಗಸರು, ಮಕ್ಕಳನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗಬೇಡಿ. ಟ್ರಾಲಿಗೆ ಜನರನ್ನು ಹೊರುವ ಅನುಮತಿಯಿಲ್ಲ. ಏರಿಯ ಮೇಲೆ ಮಗುಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಅಪಘಾತ ಕಂಡರೆ ಪೊಲೀಸ್, ಕೋರ್ಟು ಎಂದು ಹೆದರಿ ಮುಂದೆ ಹೋಗುವ ಕಾಲ ಮುಗಿದಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಹಣ ಕಟ್ಟಬೇಕಿಲ್ಲ, ಸಾಕ್ಷಿ ಹೇಳಲು ಒತ್ತಾಯಿಸುವಂತಿಲ್ಲ. ಗಾಯಾಳುವಿಗೆ ನೀರು ಕುಡಿಸಬೇಡಿ, ಹೆಲ್ಮೆಟ್ ಎಳೆದು ತೆಗೆಯಬೇಡಿ, ರಕ್ತ ಹರಿಯುವ ಜಾಗವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, 112 ಅಥವಾ 108ಕ್ಕೆ ಕರೆ ಮಾಡಿ.

ಕರಾವಳಿಗೆ ಹೋಗುವವರಿಗೆ ಒಂದು ಮಾತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರ ಪಾಲಾದರು. ಮಳೆಗಾಲ ಮುಗಿದು ಅಲೆ ಶಾಂತವಾಗಿ ಕಂಡರೂ ದಡದಿಂದ ಆಳದ ಕಡೆಗೆ ಎಳೆಯುವ ಪ್ರವಾಹ ಇರಬಹುದು. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಪ್ರವಾಹದಿಂದ ಹೊರಬನ್ನಿ. ಮುಳುಗುವವರನ್ನು ಕಂಡು ಈಜು ಬಾರದವರು ಧುಮುಕಬಾರದು. ಹಗ್ಗ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬರುವುದೇ ಅವರಿಗೆ ನಾವು ತೋರಿಸಬಹುದಾದ ಮರ್ಯಾದೆ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಂಚಿಗೆ ಹೋಗುವವರು ಮಂಗನ ಕಾಯಿಲೆಯ ಕಾಲ ಇದೇ ಎಂಬುದನ್ನು ಮರೆಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಉಣ್ಣೆಹುಳುವಿನಿಂದ ಬರುತ್ತದೆ. ಮೈತುಂಬ ಬಟ್ಟೆ ಹಾಕಿ, ಆಶಾ ಕಾರ್ಯಕರ್ತೆಯರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತುಬಿದ್ದ ಜಾಗಕ್ಕೆ ಹೋಗಬೇಡಿ.

ಋಣ ತೀರಿಸುವ ಕೆಲಸ

ಒಳ್ಳೆಯ ಮನಸ್ಸಿನಿಂದಲೇ ನಾವು ಕೃತಜ್ಞತೆಯನ್ನು ಅರ್ಧಕ್ಕೆ ಬಿಟ್ಟುಬಿಡುತ್ತೇವೆ. ‘ನಿಮ್ಮ ಉಪಕಾರ ಮರೆಯಲ್ಲ’ ಎಂದು ಕೈ ಮುಗಿದು ಬರುತ್ತೇವೆ, ಅಲ್ಲಿಗೆ ಮುಗಿಯಿತು. ಸಹಾಯ ಮಾಡಿದವರಿಗೆ ಆದ ಖರ್ಚು, ಹೋದ ಹೊತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗಾಯಾಳುವನ್ನು ಕರೆದೊಯ್ದ ಆಟೋ ಚಾಲಕ ಬಾಡಿಗೆ ಬೇಡ ಎಂದಿರಬಹುದು. ಅವರ ಅರ್ಧ ದಿನದ ದುಡಿಮೆ ಹೋಗಿದೆ, ಸೀಟಿನ ಮೇಲೆ ರಕ್ತದ ಕಲೆಯಿದೆ. ಮರುದಿನ ಸ್ಟ್ಯಾಂಡಿಗೆ ಹೋಗಿ ಹುಡುಕಿ, ಒತ್ತಾಯ ಮಾಡಿಯಾದರೂ ದುಡಿಮೆಯ ದುಡ್ಡು ಕೊಡಿ. ಪಕ್ಕದ ಮನೆಯವರ ಕಾರಾದರೆ ಸೀಟು ನೀವೇ ತೊಳೆದುಕೊಡಿ. ರಕ್ತದ ಕಲೆಗೆ ತಣ್ಣೀರು ಹಾಕಬೇಕು, ಬಿಸಿನೀರು ಹಾಕಿದರೆ ಕಲೆ ಬಟ್ಟೆಯೊಳಗೆ ಕೂತುಬಿಡುತ್ತದೆ.

108ರ ಸೇವೆ ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿದೆ. ಆ ಗಾಡಿಯಲ್ಲಿ ಇಬ್ಬರಿರುತ್ತಾರೆ, ಚಿಕಿತ್ಸೆ ನೋಡುವ ತಂತ್ರಜ್ಞರು, ಮತ್ತು ಪೈಲಟ್ ಎಂದು ಕರೆಯುವ ಚಾಲಕರು. ರೋಗಿಯನ್ನು ಆಸ್ಪತ್ರೆಯಲ್ಲಿ ಇಳಿಸಿದೊಡನೆ ಮುಂದಿನ ಕರೆಗೆ ಹೊರಡಬೇಕು. ಆಮೇಲೆ ಆ ಮಗು ಬದುಕಿತೇ, ಆ ಅಜ್ಜ ಮನೆಗೆ ಹೋದರೇ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಗಾಡಿ ನಿಲ್ಲುವ ಜಾಗ ಕೇಳಿಕೊಂಡು ಹೋಗಿ, ಚೇತರಿಸಿಕೊಂಡವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ‘ನೀವು ಕರೆತಂದವರು ಇವರೇ’ ಎಂದು ಹೇಳಿ. ಅಗ್ನಿಶಾಮಕ ಠಾಣೆಯವರಿಗೂ ಹಾಗೆಯೇ.

ಸರ್ಕಾರಿ ನೌಕರರಿಗೆ, ಆಸ್ಪತ್ರೆಯ ನರ್ಸುಗಳಿಗೆ ಹಣ, ಬೆಲೆಬಾಳುವ ಉಡುಗೊರೆ ಕೊಡಬೇಡಿ. ಅದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಒಂದು ಪತ್ರ ಬರೆಯಿರಿ, ಅವರ ಮೇಲಧಿಕಾರಿಗೆ. ದಿನಾಂಕ, ಪಾಳಿ, ವಾರ್ಡು, ಹೆಸರು, ಅವರು ಏನು ಮಾಡಿದರು ಎನ್ನುವುದು ಸ್ಪಷ್ಟವಾಗಿರಲಿ. ‘ಎಲ್ಲ ಸಿಬ್ಬಂದಿಗೂ ಧನ್ಯವಾದ’ ಎಂಬ ಪತ್ರದಿಂದ ಯಾರಿಗೂ ಏನೂ ಸಿಗುವುದಿಲ್ಲ. ‘ರಾತ್ರಿ ಎರಡು ಗಂಟೆಗೆ ಅಮ್ಮನ ಡ್ರಿಪ್ ನಿಂತದ್ದನ್ನು ಇವರೇ ಗಮನಿಸಿದರು’ ಎಂದು ಬರೆದರೆ ಆ ಒಬ್ಬರ ಕೆಲಸ ನಾಲ್ಕು ಜನರಿಗೆ ಗೊತ್ತಾಗುತ್ತದೆ. ದೂರು ಬರೆಯಲು ನಾವು ತೋರಿಸುವ ಶ್ರದ್ಧೆಯಲ್ಲಿ ಕಾಲುಭಾಗ ಇದಕ್ಕೆ ಸಾಕು. ಮಕ್ಕಳಿಂದ ಕನ್ನಡದಲ್ಲಿ ಬರೆಸಿದರೆ ರಜೆಯ ಒಂದು ಮಧ್ಯಾಹ್ನ ಸಾರ್ಥಕ.

ರಕ್ತ ಕೊಟ್ಟವರು ಯಾರೆಂದು ಗೊತ್ತಾಗುವುದಿಲ್ಲ. ಆ ಋಣ ತೀರುವುದು ರಕ್ತದಿಂದಲೇ. 18ರಿಂದ 65 ವರ್ಷದೊಳಗಿನ, 45 ಕಿಲೊಗಿಂತ ಹೆಚ್ಚು ತೂಕದ ಆರೋಗ್ಯವಂತರು, ಗಂಡಸರಾದರೆ ಮೂರು ತಿಂಗಳಿಗೊಮ್ಮೆ, ಹೆಂಗಸರಾದರೆ ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಜೆಯಲ್ಲಿ ಕಾಲೇಜುಗಳು ಮುಚ್ಚಿ ಶಿಬಿರಗಳು ಕಡಿಮೆಯಾಗುವ ಕಾಲವಿದು, ಈಗಲೇ ಹೋಗಿ.

ಪೌರಕಾರ್ಮಿಕರಿಗೆ ನಿಜವಾದ ಉಡುಗೊರೆ ಹೊಸ ವರ್ಷದ ಮರುಬೆಳಗಿನ ಕಸದ ಬುಟ್ಟಿಯಲ್ಲಿದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಅವರ ಕೈಗೇ ಕೊಡಿ. ಸಂಕ್ರಾಂತಿಯ ಕಬ್ಬಿನ ಸಿಪ್ಪೆ, ಬಾಳೆ ಎಲೆ ಹಸಿ ಕಸಕ್ಕೆ ಹೋಗಲಿ, ಪ್ಲಾಸ್ಟಿಕ್ ಪೊಟ್ಟಣ ಒಣ ಕಸಕ್ಕೆ.

ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಬಂದ ನೆಂಟರಿಗೂ ತೋರಿಸಿ: ಯಾವುದೇ ತುರ್ತಿಗೆ 112, ಆಂಬುಲೆನ್ಸ್ 108, ಅಡುಗೆ ಅನಿಲ ಸೋರಿಕೆಗೆ 1906, ವಿದ್ಯುತ್ ತೊಂದರೆಗೆ 1912. ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಕರೆ ಮಾಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಸಿಲಿಂಡರ್ ತಂದುಕೊಡುವವರ ಎದುರೇ ವಾಷರ್ ನೋಡಿಕೊಳ್ಳಿ, ಸುರಕ್ಷಾ ಪೈಪಿನ ಮೇಲಿನ ವರ್ಷ ಓದಿ ಐದು ವರ್ಷ ದಾಟಿದ್ದರೆ ಬದಲಾಯಿಸಿ.

ಇನ್ನು ಎಳ್ಳಿನ ಪೊಟ್ಟಣ. ಪಾಳಿಯಲ್ಲಿ ಕೆಲಸ ಮಾಡುವವರಿಗೆ ಕೊಡುವುದಾದರೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ, ಇಬ್ಬರೂ ಸಿಗುತ್ತಾರೆ, ಯಾರ ಕೆಲಸಕ್ಕೂ ಅಡ್ಡಿಯಾಗುವುದಿಲ್ಲ. ಠಾಣೆಗೋ ವಾರ್ಡಿಗೋ ಒಂದೇ ದೊಡ್ಡ ಡಬ್ಬಿ ಕೊಡುವ ಬದಲು ಚಿಕ್ಕ ಚಿಕ್ಕ ಕಾಗದದ ಪೊಟ್ಟಣಗಳಾದರೆ ಅವರು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯಬಹುದು. ಬೆಲ್ಲವನ್ನು ಹಿಂದಿನ ದಿನವೇ ಹೆಚ್ಚಿ ಬಿಸಿಲಿಗೆ ಒಣಗಿಸಿದ್ದರೆ ಪೊಟ್ಟಣ ಜಿಗುಟಾಗುವುದಿಲ್ಲ. ಕಡಲೆಬೀಜ ಇದೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ ಎಂದು ಮೇಲೆ ಬರೆದಿರಿ. ಹಬ್ಬದ ದಿನ ಕೆಲಸದಲ್ಲಿದ್ದು ಕೈಗೆ ಸಿಗದವರಿಗೆ ಆಮೇಲೆ ಕೊಟ್ಟರೂ ಸರಿ. ರಥಸಪ್ತಮಿವರೆಗೂ ಎಳ್ಳು ಬೀರುವ ರೂಢಿ ಎಷ್ಟೋ ಮನೆಗಳಲ್ಲಿದೆ.